ಆಫ್‌ಶೋರ್ ಅಂದರೆ ದಡದಿಂದ ದೂರ

ಅವರು ತೀರಿಕೊಂಡ ಮರುದಿನ ಹಿರಿಯೂರಿನ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಎದ್ದಿತ್ತು. ಬಿಳಿ ಅಂಗಿ, ಕತ್ತಿನವರೆಗೂ ಹಾಕಿದ ಗುಂಡಿ, ಪಕ್ಕಕ್ಕೆ ಬಾಚಿದ ಕೂದಲು. ಕೆಳಗೆ ‘ಯುವಕರ ಬಾಳಿಗೆ ಬೆಳಕಾದ ಇಂಗ್ಲಿಷ್ ಗುರುಗಳು’ ಎಂದು ಬರೆಸಿದ್ದರು. ನಾನು ಬಸ್ಸಿಳಿದವಳು ಅದರ ಮುಂದೆ ನಿಂತು ಪೂರ್ತಿ ಓದಿದೆ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು, ‘ಪಾಪ, ಬಾಳ ಒಳ್ಳೇರಂತಲ್ರೀ’ ಅಂದಳು. ‘ಯಾರು ಹೇಳಿದ್ರು?’ ಅಂದೆ. ಅವಳು ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು.

ಅದೇ ವಾರ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಮ್ಮ ಮನೆಗೆ ಬಂದರು. ನೆನಪಿನ ಪುಸ್ತಕ ತರುತ್ತಾರಂತೆ. ‘ನೀವೂ ಸರ್ ಹತ್ರ ಕಲ್ತೋರು, ಈಗ ನೀವೇ ಇಂಗ್ಲಿಷ್ ಹೇಳಿಕೊಡ್ತೀರಿ. ಹಳೇದೆಲ್ಲ ಮರೆತು ಎರಡು ಪುಟ ಬರ್ಕೊಡ್ರಿ’ ಅಂದರು. ಬರೆದಿದ್ದೇನೆ. ಅವರು ಅಚ್ಚು ಹಾಕಿಸುವುದಿಲ್ಲ, ಅದೂ ಗೊತ್ತು.

ಹೆಸರು ಬರೆಯುವುದಿಲ್ಲ. ಕರುಣೆಯಿಂದಲ್ಲ. ಹೆಸರು ಅಚ್ಚಾದರೆ ಯಾವುದೋ ಕಪಾಟಿನಲ್ಲಿ ಉಳಿಯುತ್ತದೆ, ಅದು ಉಳಿಯುವುದು ನನಗೆ ಬೇಕಾಗಿಲ್ಲ. ಆದರೆ ಬಹುವಚನ ಬಿಡುವುದಿಲ್ಲ. ಏಕವಚನಕ್ಕೆ ಸ್ವಲ್ಪ ಸಲುಗೆ ಬೇಕಾಗುತ್ತದೆ.

ತೊಂಬತ್ತರ ದಶಕದಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯ ಸೈಕಲ್ ಅಂಗಡಿಯ ಮೇಲೆ ಅವರ ಸ್ಪೋಕನ್ ಇಂಗ್ಲಿಷ್ ಕ್ಲಾಸು ಇತ್ತು. ಮರದ ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಪಂಕ್ಚರ್ ಸಲ್ಯೂಷನ್ನಿನ ವಾಸನೆ, ಮೇಲಿನಿಂದ ಅವರ ಪೌಡರಿನ ವಾಸನೆ. ಹಿರಿಯೂರಿನ ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ಅಂಗಿ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಏನಾದರೂ ಹೇಳುವ ಮುಂಚೆ ಅದನ್ನು ನಾಲಿಗೆಯಿಂದ ಕೆನ್ನೆಗೆ ಸರಿಸುತ್ತಿದ್ದರು. ಆ ಒಂದು ಗಳಿಗೆ ಇಡೀ ಕ್ಲಾಸು ಸುಮ್ಮನಾಗುತ್ತಿತ್ತು.

ಬಿ.ಎ.ಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಐಮಂಗಲದ ಮನೆಯಲ್ಲಿ ಕೂತಿದ್ದ ನಾನು ಅಲ್ಲಿಗೆ ಸೇರಿದೆ. ಸುಳ್ಳೇಕೆ ಹೇಳಲಿ, ಅವರ ಪಾಠ ಚೆನ್ನಾಗಿತ್ತು. ನಮ್ಮ ಸೀಮೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತಿದ್ದರು. ‘ಇಂಗ್ಲಿಷ್ ಪದಕ್ಕೆ ಹೆದರಬ್ಯಾಡ್ರಿ. ಶೇಂಗಾ ಇದ್ದಂಗೆ ಅದು. ಒತ್ತಿದ್ರೆ ಒಡೀತೈತೆ, ಒಳಗೆ ಎರಡು ಕಾಳು ಇರ್ತಾವೆ.’ ಒಂದು ದಿನ ‘ಇನ್‌ಲ್ಯಾಂಡ್ ಅಂದ್ರೆ ಏನು?’ ಎಂದು ಕೇಳಿದರು. ನಾವೆಲ್ಲ ಒಟ್ಟಿಗೆ ‘ಅಂಚೆಯ ನೀಲಿ ಕಾಗದ ಸರ್’ ಎಂದೆವು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇನ್ ಒಂದು ಕಾಳು, ಲ್ಯಾಂಡ್ ಒಂದು ಕಾಳು. ನೆಲದ ಒಳಗೆ. ಸಮುದ್ರದಿಂದ ಒಳಕ್ಕೆ ಬಂದ್ರೆ ಸಿಗೋ ನಾಡು. ಹಿರಿಯೂರು ಇನ್‌ಲ್ಯಾಂಡ್, ಚಿತ್ರದುರ್ಗ ಇನ್‌ಲ್ಯಾಂಡ್. ನಾವು ನೀವೆಲ್ಲ ಇನ್‌ಲ್ಯಾಂಡ್ ಜನ ಕಣ್ರೀ.’

ಅವತ್ತು ಹಲಗೆಯ ಮೇಲೆ ಉದ್ದಕ್ಕೆ ಒಂದು ಡೊಂಕು ಗೆರೆ ಎಳೆದರು. ಗೆರೆಯ ಎಡಕ್ಕೆ ಕಡಲು, ಬಲಕ್ಕೆ ನೆಲ. ಕಡಲ ಕಡೆಗೆ ಮುಖ ಮಾಡಿದರೆ ಸೀವರ್ಡ್, ನೆಲದ ಕಡೆಗಾದರೆ ಲ್ಯಾಂಡ್‌ವರ್ಡ್, ಹಡಗು ಬಿಟ್ಟು ದಡಕ್ಕೆ ಇಳಿದರೆ ಅಶೋರ್. ನಮ್ಮಲ್ಲಿ ಯಾರೂ ಕಡಲು ಕಂಡವರಲ್ಲ. ನಮಗೆ ದೊಡ್ಡ ನೀರೆಂದರೆ ಮಾರಿಕಣಿವೆಯ ಅಣೆಕಟ್ಟು. ಆದರೂ ಅವರು ಹೇಳುವಾಗ ಆ ಗೆರೆಯಾಚೆ ಅಲೆ ಕಂಡ ಹಾಗಾಗುತ್ತಿತ್ತು. ಆಫ್‌ಶೋರ್ ಎಂಬ ಪದ ಮಾತ್ರ ಆ ದಿನ ಬರಲಿಲ್ಲ. ಅದನ್ನು ನಮ್ಮ ಅವ್ವನಿಗಾಗಿ ಇಟ್ಟುಕೊಂಡಿದ್ದರು.

ಪಾಠದ ಜೊತೆಗೆ ಅವರಿಗೆ ಇನ್ನೊಂದು ಹೆಮ್ಮೆಯಿತ್ತು. ಐಟಿಐ ಮುಗಿಸಿದ ಹುಡುಗರನ್ನು ಮುಂಬಯಿಯ ಕಂಪನಿಗಳಿಗೆ ಕಳಿಸುವುದು. ಅಲ್ಲಿಂದ ಒಬ್ಬ ಏಜೆಂಟ್ ಬರುತ್ತಿದ್ದ, ಇವರು ಹುಡುಗರನ್ನು ತೋರಿಸುತ್ತಿದ್ದರು. ಹೋದವರ ಫೋಟೋ ಕ್ಲಾಸಿನ ಗೋಡೆಗೆ ಏರುತ್ತಿತ್ತು. ನನ್ನ ತಮ್ಮ ವೆಲ್ಡರ್. ಅವನ ಜೊತೆಯಲ್ಲೇ ಐಟಿಐ ಓದಿದವನು ಮೇಷ್ಟ್ರ ಅಕ್ಕನ ಮಗ, ಅವನೂ ವೆಲ್ಡರ್. ಒಂದೇ ಬೆಂಚು, ಒಂದೇ ಸೈಕಲ್ಲು. ಮೇಷ್ಟ್ರು ಇಬ್ಬರನ್ನೂ ಏಜೆಂಟನಿಗೆ ತೋರಿಸಿದರು, ಇಬ್ಬರೂ ಆಯ್ಕೆಯಾದರು. ತಮ್ಮನದು ಆಫ್‌ಶೋರ್ ಕೆಲಸ ಎಂದು ತಿಳಿದುಬಂತು.

ಅವ್ವ ಒಪ್ಪಲಿಲ್ಲ. ಅವಳ ಒಡಹುಟ್ಟಿದ ತಮ್ಮ ಚಿಕ್ಕಂದಿನಲ್ಲಿ ಮಾರಿಕಣಿವೆಯಲ್ಲಿ ಈಜಲು ಹೋಗಿ ಮುಳುಗಿದ್ದ. ಅಂದಿನಿಂದ ಅವಳು ಕೆರೆ ಏರಿಯ ಮೇಲೆ ಬಸ್ಸು ಹೋದರೂ ಕಣ್ಣು ಮುಚ್ಚಿಕೊಳ್ಳುವವಳು. ಮುಂಬಯಿ ಅಂದರೆ ಸಮುದ್ರ ಅಂತ ಯಾರೋ ಅವಳಿಗೆ ಹೇಳಿದ್ದರು. ನಮ್ಮಪ್ಪ ಆಗಲೇ ತೀರಿಕೊಂಡಿದ್ದರು, ಮನೆಯಲ್ಲಿ ಅವಳ ಮಾತೇ ಕೊನೆ. ಕೇಳಿಯೇ ಬಿಡಾಣ ಎಂದು ಅವಳು ನನ್ನ ಜೊತೆ ಆ ಮರದ ಮೆಟ್ಟಿಲು ಹತ್ತಿದಳು.

‘ಮೇಷ್ಟ್ರೇ, ನನ್ನ ಮಗನ್ನ ಎಲ್ಲಿಗಾದ್ರೂ ಕಳಿಸ್ರಿ. ನೀರಿನ ಹತ್ರ ಮಾತ್ರ ಬ್ಯಾಡ್ರಿ.’

‘ಕುಂತ್ಕಳ್ರಮ್ಮ’ ಎಂದು ಅವರು ತಮ್ಮ ಕುರ್ಚಿಯನ್ನೇ ಕೊಟ್ಟರು. ಲವಂಗ ಕೆನ್ನೆಗೆ ಸರಿಯಿತು. ಹಲಗೆಯ ಮೇಲೆ ಆಫ್ ಎಂದೂ, ಜಾಗ ಬಿಟ್ಟು ಶೋರ್ ಎಂದೂ ಬರೆದರು. ನನ್ನ ಕಡೆ ತಿರುಗಿದರು.

‘ನಿಮ್ಮ ಮಗಳೇ ಹೇಳ್ತಾಳೆ ಕೇಳ್ರಿ. ಶೋರ್ ಅಂದ್ರೇನಮ್ಮ?’

‘ದಡ ಸರ್.’

‘ಆಫ್ ಅಂದ್ರೆ?’

‘ದೂರ ಸರ್.’

‘ಕೂಡಿಸಿ ಹೇಳು, ಅವ್ವಂಗೆ ಕೇಳಲಿ.’

‘ದಡದಿಂದ ದೂರ.’

‘ಕೇಳಿದ್ರಾ? ಸಮುದ್ರದ ದಡದಿಂದ ದೂರ. ನಮ್ಮ ಹಿರಿಯೂರು ಇದ್ದಂಗೆ. ನೀರಿನ ಹೆದರಿಕೆನೇ ಇಲ್ಲ.’

ಅವ್ವ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಬೇಡವೆನ್ನಲಿಲ್ಲ. ಇಡೀ ಪಾಠದಲ್ಲಿ ಒಂದೇ ಒಂದು ಸುಳ್ಳು ಮಾತು ಅವರ ಬಾಯಿಂದ ಬಂದದ್ದು, ಅದೂ ಕೊನೆಗೆ. ಉಳಿದದ್ದನ್ನೆಲ್ಲ ನನ್ನಿಂದ ಆಡಿಸಿದ್ದರು.

ಹುಡುಗರಿಬ್ಬರನ್ನೂ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿಸಿದೆವು. ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಒಂದು ಸಂಜೆ ಮನೆಯೆದುರಿನ ಎಸ್‌ಟಿಡಿ ಬೂತಿನವನು ಕೂಗಿ ಕರೆದ. ತಮ್ಮನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

‘ಅಕ್ಕ, ದಡಕ್ಕೆ ಬಂದೀನಿ, ಅದಕ್ಕೇ ಫೋನ್ ಮಾಡ್ದೆ. ಅಲ್ಲಿ ನಾಕೂ ಕಡೆ ನೀರೇ ಐತೆ. ನೀರಿನ ನಡುವೆ ಕಬ್ಬಿಣದ ಅಟ್ಟ. ದೋಣಿಯಿಂದ ಹಗ್ಗ ಹಿಡ್ಕಂಡು ಹಾರ್ಬೇಕು. ಅವ್ವಂಗೆ ಹೇಳ್ಬ್ಯಾಡ.’

‘ಬಿಟ್ಟು ಬಾರಲೇ.’

‘ಬಿಡಂಗಿಲ್ಲಕ್ಕ. ಒಪ್ಪಿ ಬಂದೀನಲ್ಲ, ಸರ್ಟಿಫಿಕೇಟೆಲ್ಲ ಅವರ ಹತ್ರನೇ ಅವೆ.’

ಮರುದಿನವೇ ಮೇಷ್ಟ್ರ ಮುಂದೆ ಹೋಗಿ ನಿಂತೆ. ಅವರು ಸ್ವಲ್ಪವೂ ಅಲುಗಲಿಲ್ಲ. ‘ಓ, ಆ ಕಂಪನಿಯೋರು ಆ ಅರ್ಥದಲ್ಲಿ ಬಳಸ್ತಾರಾ? ಇಂಗ್ಲಿಷ್‌ನಲ್ಲಿ ಹಂಗಾಗುತ್ತಮ್ಮ. ಈಗ ಆಫ್‌ಶೋರ್ ಗಾಳಿ ಅಂದ್ರೆ ನೆಲದಿಂದ ಕಡಲಿಗೆ ಬೀಸೋದು, ಆಫ್‌ಶೋರ್ ದ್ವೀಪ ಅಂದ್ರೆ ಕಡಲೊಳಗೇ ಕೂತಿರೋದು. ಒಂದೇ ಪದ, ಒಂದು ಹೊರಟು ಹೋಗ್ತೈತೆ, ಇನ್ನೊಂದು ಇದ್ದಲ್ಲೇ ಇರ್ತೈತೆ. ನಂಗೂ ಎಲ್ಲಾ ಗೊತ್ತಿರುತ್ತಾ?’ ಎಂದರು. ನಾನು ನಂಬಿದೆ. ಮನೆಗೆ ಬಂದು ಆ ಗಾಳಿಯ ವಾಕ್ಯವನ್ನು ಬಾಯಿಪಾಠ ಕೂಡ ಮಾಡಿದೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಕಡಲು ಜೋರಾಗಿತ್ತಂತೆ. ಹಗ್ಗ ಹಿಡಿದು ಹಾರಿದ ತಮ್ಮ ಕೈಜಾರಿ ಕೆಳಗೆ ಬಿದ್ದ. ದೋಣಿ ಮೇಲೆದ್ದು ಬಂದು ಅವನ ಎಡಗಾಲನ್ನು ಕಬ್ಬಿಣದ ಕಂಬಕ್ಕೆ ಅರೆಯಿತು. ಮೊಣಕಾಲ ಕೆಳಗೆ ತೆಗೆದುಬಿಟ್ಟರು.

ಮುಂಬಯಿಯ ಆಸ್ಪತ್ರೆಗೆ ನಾನೊಬ್ಬಳೇ ಹೋದೆ. ವಾರ್ಡಿನಲ್ಲಿ ತಮ್ಮನ ತಲೆದೆಸೆಯಲ್ಲಿ ಮೇಷ್ಟ್ರ ಅಕ್ಕನ ಮಗ ಕೂತಿದ್ದ. ಕೆಲಸಕ್ಕೆ ರಜೆ ಹಾಕಿ, ತಮ್ಮನಿಗೆ ಗಂಜಿ ಕುಡಿಸಿ, ಮೈ ಒರೆಸಿ, ತಾನು ನೆಲದ ಮೇಲೆ ಮಲಗುತ್ತಿದ್ದ. ನನ್ನನ್ನು ಕಂಡವನೇ ಅತ್ತ. ಆಮೇಲೆ ಕಾರಿಡಾರಿನಲ್ಲಿ ಅಲ್ಲ, ತಮ್ಮನ ಎದುರಿಗೇ, ಏನೂ ಮುಚ್ಚುಮರೆಯಿಲ್ಲದೆ ಹೇಳಿದ:

‘ಮಾವ ನಂಗೆ ಮೊದ್ಲೇ ಹೇಳಿದ್ರಕ್ಕ. ಆಫ್‌ಶೋರ್ ಅಂದ್ರೆ ಸಮುದ್ರದ ನಡುವೆ, ನೀನು ಆನ್‌ಶೋರ್ ಅಂತಾನೇ ಕೇಳು, ದಡದ ಮೇಲೆ ವರ್ಕ್‌ಶಾಪ್ ಇರ್ತೈತೆ ಅಂತ. ಇವನ್ಯಾಕೆ ಆಫ್‌ಶೋರಿಗೆ ಒಪ್ಕಂಡ ಅಂತ ನಂಗೆ ಅರ್ಥಾನೇ ಆಗ್ಲಿಲ್ಲ. ಧೈರ್ಯ ಜಾಸ್ತಿ ಇವಂಗೆ.’

ನಾನು ಬಾಯಿ ತೆರೆದೆ. ತಮ್ಮ ಹಾಸಿಗೆಯಿಂದಲೇ ನನ್ನ ಸೆರಗು ಹಿಡಿದು ಎಳೆದ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ. ಸುಮ್ಮನಾದೆ.

ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ನೇರ ಹಿರಿಯೂರಿನ ಬಸ್ಸು ಹತ್ತಿದಳು. ಆ ಸೈಕಲ್ ಅಂಗಡಿಯ ಮುಂದೆ ನಿಂತು, ಎರಡೂ ಕೈಯಲ್ಲಿ ಬೀದಿಯ ಮಣ್ಣು ಬಾಚಿ ಮೆಟ್ಟಿಲಿನ ಕಡೆಗೆ ತೂರಿದಳು. ‘ನನ್ನ ಮಗನ ಕಾಲು ತಿಂದೋನೆ, ನಿನ್ನ ಕ್ಲಾಸಿಗೆ ಬೀಗ ಬೀಳ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದಳು. ಅವರು ಮೇಲಿನ ಕಿಟಕಿ ಮುಚ್ಚಿಕೊಂಡರು. ಮಣ್ಣು ತೂರಿ ಬಂದ ಮೇಲೆ ಅವ್ವನಿಗೆ ಸಮಾಧಾನವಾಯಿತು, ಇನ್ನು ದೇವರು ನೋಡಿಕೊಳ್ಳುತ್ತಾನೆ ಎಂದಳು. ನನಗೆ ಅಷ್ಟು ಪುರುಸೊತ್ತಿರಲಿಲ್ಲ.

ನಾನು ಇಂಗ್ಲಿಷ್ ಕಲಿತದ್ದು ಆಗ. ಹಸಿದವರು ಉಣ್ಣುವ ಹಾಗೆ ಕಲಿತೆ. ಬಿ.ಎ. ಪಾಸಾಯಿತು, ಎಂ.ಎ. ಅಂಚೆಯ ಮೂಲಕ ಆಯಿತು. ನನಗೆ ಒಳ್ಳೆಯ ಸಂಬಂಧಗಳು ಬಂದವು, ಕೆಲಸಗಳೂ ಬಂದವು. ಎಲ್ಲ ಬಿಟ್ಟು ಅದೇ ಬೀದಿಯಲ್ಲಿ, ಅವರ ಮೆಟ್ಟಿಲಿನ ಎದುರಿಗೇ, ಬಾಗಿಲು ಬೀದಿಗೆ ತೆರೆದ ಒಂದು ಕೋಣೆ ಹಿಡಿದು ಕ್ಲಾಸು ತೆರೆದೆ. ಪ್ರತಿ ತಂಡಕ್ಕೂ ಮೊದಲ ದಿನ ಒಂದೇ ಪಾಠ. ಹಲಗೆಯ ಮೇಲೆ ಉದ್ದಕ್ಕೆ ಡೊಂಕು ಗೆರೆ. ಇನ್‌ಲ್ಯಾಂಡ್, ಸೀವರ್ಡ್, ಲ್ಯಾಂಡ್‌ವರ್ಡ್, ಅಶೋರ್, ಆನ್‌ಶೋರ್. ಕೊನೆಗೆ ಆಫ್‌ಶೋರ್. ‘ಮೇಡಂ, ನಮ್ಮೂರಲ್ಲಿ ಸಮುದ್ರಾನೇ ಇಲ್ಲ, ಇದ್ಯಾಕೆ?’ ಎಂದು ಯಾರಾದರೂ ಕೇಳೇ ಕೇಳುತ್ತಿದ್ದರು. ಆಗ ಎದುರಿನ ಮೆಟ್ಟಿಲನ್ನು ತೋರಿಸಿ, ಅವರ ಹೆಸರನ್ನು ಜೋರಾಗಿ ಹೇಳಿ, ಎಲ್ಲ ಹೇಳುತ್ತಿದ್ದೆ. ಮೇಲಿನ ಕಿಟಕಿಯಲ್ಲಿ ಬಿಳಿ ಅಂಗಿ ಬಂದು ನಿಂತರೆ ಇನ್ನೂ ಜೋರಾಗಿ ಹೇಳುತ್ತಿದ್ದೆ.

ತಿಳಿಯದೆ ಆದ ತಪ್ಪು ಎಂದು ಅವರು ಊರಲ್ಲಿ ಹೇಳಿಕೊಂಡು ಓಡಾಡಿದರು. ಕೆಲವರು ನಂಬಿದರು. ಆದರೂ ಮಗನನ್ನು ಅವರ ಬಳಿಗೆ ಕಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಮುಂಬಯಿಯ ಏಜೆಂಟನೂ ಬರುವುದು ಬಿಟ್ಟ. ಕೊನೆಗೆ ಅವರು ಹೊಸದುರ್ಗಕ್ಕೆ ಹೋಗಿ ಕ್ಲಾಸು ಹಾಕಿದರು. ನಾನು ವಾರಕ್ಕೆರಡು ದಿನ ಹೊಸದುರ್ಗದ ಬಸ್ಸು ಹತ್ತಿದೆ, ಅವರ ಬೀದಿಯಲ್ಲೇ ಬೋರ್ಡು ಹಾಕಿದೆ. ಅಲ್ಲಿಯೂ ಅದೇ ಮೊದಲ ಪಾಠ. ಅಲ್ಲಿಂದ ಅವರು ಹೊಳಲ್ಕೆರೆಗೆ ಹೋದರು. ನಾನೂ ಹೋದೆ. ‘ಸಾಕು ಬಿಡಕ್ಕ, ಜನ ನಗ್ತಾರೆ’ ಅಂದ ತಮ್ಮ. ಅಷ್ಟರಲ್ಲಿ ಅವನು ಕೃತಕ ಕಾಲು ಹಾಕಿಸಿಕೊಂಡು ಐಮಂಗಲದ ಹೈವೇ ಪಕ್ಕ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದ, ಲಾರಿಯವರ ಜೊತೆ ತಮಾಷೆ ಮಾಡುತ್ತಾ ಇದ್ದ. ನಗಲಿ ಅಂದೆ.

ಒಂದು ಭಾನುವಾರ ಸಂಜೆ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಅವರು ನನಗೆ ಸಿಕ್ಕರು. ಇಬ್ಬರಿಗೂ ಹಿರಿಯೂರಿನ ಒಂದೇ ಬಸ್ಸು ಆಗಬೇಕಿತ್ತು. ಅಂಗಿಯ ಕಾಲರ್ ಸವೆದು ನೂಲು ಬಿಟ್ಟಿತ್ತು. ಕಲ್ಲುಬೆಂಚಿನಲ್ಲಿ ಪಕ್ಕಕ್ಕೆ ಸರಿದು, ‘ಕುಂತ್ಕಳಮ್ಮ’ ಅಂದರು. ಕೂತೆ.

‘ಹಿರಿಯೂರಾಯ್ತು, ಹೊಸದುರ್ಗ ಆಯ್ತು, ಈಗ ಇಲ್ಲಿ. ಇನ್ನೆಲ್ಲಿಗೆ ಹೋಗ್ಲಿ ಹೇಳು.’

‘ಎಲ್ಲಿಗಾದ್ರೂ ಹೋಗ್ರಿ ಸರ್. ಎಲ್ಲಾ ಊರಿಗೂ ಬಸ್ಸವೆ.’

ಅವರು ರಸ್ತೆಯ ಕಡೆಗೆ ತಿರುಗಿದರು. ಆಮೇಲೆ ಹೇಳಿದರು: ‘ತಿಳೀದೆ ಹೇಳ್ದೆ ಅಂತ ಎಲ್ಲರ ಹತ್ರ ಹೇಳ್ಕಂಡು ಬಂದೆ. ನಿನ್ನ ಹತ್ರ ಹೇಳಿ ಉಪಯೋಗ ಇಲ್ಲ. ಗೊತ್ತಿತ್ತು ಕಣಮ್ಮ. ಮುಂಬಯಿಯೋನು ಇಬ್ರನ್ನ ಕೇಳಿದ್ದ. ಒಬ್ಬ ದಡದ ಮೇಲೆ, ಒಬ್ಬ ಕಡಲೊಳಗೆ. ಒಳಗೆ ಹೋಗೋನು ಸಿಗ್ಲಿಲ್ಲ ಅಂದ್ರೆ ಇಬ್ರೂ ಬ್ಯಾಡ ಅಂದ. ನಮ್ಮ ಅಕ್ಕನ ಮಗಂಗೆ ಅಪ್ಪ ಇರ್ಲಿಲ್ಲ.’

‘ನನ್ನ ತಮ್ಮಂಗೂ ಇರ್ಲಿಲ್ಲ ಸರ್.’

‘ನೀನಾಗಿದ್ರೆ ಏನ್ ಮಾಡ್ತಿದ್ದೆ?’

‘ನಮ್ಮವ್ವಂಗೆ ನಿಜ ಹೇಳಿ, ಅವ್ಳು ಏನಂತಾಳೋ ಕೇಳ್ತಿದ್ದೆ.’

‘ಕಳಿಸ್ತಿರ್ಲಿಲ್ಲ ಅವ್ರು.’

‘ಹ್ಞೂಂ. ಕಳಿಸ್ತಿರ್ಲಿಲ್ಲ.’

ಬಸ್ಸು ಬಂತು. ಎದ್ದು ನಿಂತು, ‘ಒಪ್ಕಂಡೆನಲ್ಲ, ಇನ್ನಾದ್ರೂ ಬಿಡ್ತೀಯಾ?’ ಎಂದರು. ಕೇಳುವಾಗ ಅವರ ದನಿ ಅಂದು ಮೆಟ್ಟಿಲು ಹತ್ತಿ ಬಂದ ನಮ್ಮವ್ವನಿಗೆ ಕುರ್ಚಿ ಕೊಟ್ಟು ಮಾತಾಡಿಸಿದಾಗ ಇದ್ದಂತೆಯೇ ಇತ್ತು.

‘ಇಲ್ಲ ಸರ್’ ಎಂದೆ. ಹೆಂಗಸರ ಸೀಟಿನಲ್ಲಿ ಕಿಟಕಿಗೆ ಕೂತೆ. ಬಸ್ಸು ತುಂಬಿತ್ತು. ಅವರು ಕಂಬಿ ಹಿಡಿದು ನಿಂತೇ ಬಂದರು. ಮುಂದಿನ ಭಾನುವಾರ ನಾನು ಹೊಳಲ್ಕೆರೆಗೆ ಹೋದೆ, ಅವರು ಬರಲಿಲ್ಲ. ಅದಾದ ಮೇಲೆ ಎಲ್ಲಿಯೂ ಕ್ಲಾಸು ಹಾಕಲಿಲ್ಲ.

ಅವರು ಆಡಿದ್ದನ್ನು ತಮ್ಮನೊಬ್ಬನಿಗೆ ಹೇಳಿದೆ. ಅವನು ವೆಲ್ಡಿಂಗ್ ರಾಡು ಕೆಳಗಿಟ್ಟು, ‘ಇದನ್ನ ಮಾತ್ರ ಯಾರಿಗೂ ಹೇಳ್ಬ್ಯಾಡಕ್ಕ. ಅವನಿಗೆ ತಿಳಿದ್ರೆ ಉಣ್ಣಾಕಾಗಲ್ಲ’ ಎಂದ. ಅವನು ಅಂದರೆ ಮೇಷ್ಟ್ರ ಅಕ್ಕನ ಮಗ. ಮುಂಬಯಿಯಲ್ಲೇ ನೆಲೆಯಾಗಿ, ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ತಮ್ಮನ ಶಾಪಿಗೆ ಬಂದು ದಿನವಿಡೀ ಕೂತು ಹೋಗುತ್ತಿದ್ದ. ತಮ್ಮನಿಗೆ ಮಾತು ಕೊಟ್ಟೆ. ವರ್ಷಗಟ್ಟಲೆ ಕಾಪಾಡಿದೆ.

ಅವರ ತಿಥಿಯೆಲ್ಲ ಮುಗಿದ ಮೇಲೆ ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ನಾನು ಹೋಗಿ ಕಡೆಯ ಸಾಲಿನಲ್ಲಿ ಕೂತೆ. ಅವರ ಹೆಂಡತಿ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಒಬ್ಬೊಬ್ಬರೂ ಬಂದು ಹೊಗಳಿದರು. ಅದನ್ನೆಲ್ಲ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿಯೇ ಹೋಗಿದ್ದೆ. ಕೊನೆಗೆ ಮೈಕಿನ ಮುಂದೆ ಬಂದವನು ಆ ಅಕ್ಕನ ಮಗ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು.

‘ನಮ್ಮ ಮಾವ ನಂಗೆ ಅಪ್ಪ ಇದ್ದಂಗೆ. ಕೈ ಹಿಡ್ದು ದಾರಿ ತೋರ್ಸಿದ್ರು. ನಂಗೆ ಸರಿಯಾಗಿ ಹೇಳಿದ್ದೋರು ಅವತ್ತು ಬಾಯ್ತಪ್ಪಿ ಒಂದೇ ಒಂದು ಪದಕ್ಕೆ ತಪ್ಪು ಅರ್ಥ ಹೇಳಿದ್ರು ಅಂತ ಅವರನ್ನ ಊರೂರು ಅಟ್ಟಿಬಿಟ್ರು. ತಪ್ಪು ಯಾರಿಗಾಗಲ್ಲ? ಅದೇ ಕೊರಗಲ್ಲಿ ಹೋಗಿಬಿಟ್ರು.’

ನಾನು ಎದ್ದೆ. ಯಾರೂ ಕರೆದಿರಲಿಲ್ಲ. ನಡುವಿನ ದಾರಿಯಲ್ಲಿ ನಡೆದು ಹೋಗಿ ಅವನ ಪಕ್ಕದಲ್ಲಿ ನಿಂತೆ. ಅವನೇ ಮರ್ಯಾದೆಯಿಂದ ಮೈಕು ನನ್ನ ಕಡೆಗೆ ತಿರುಗಿಸಿದ. ಹೊಳಲ್ಕೆರೆಯ ಕಲ್ಲುಬೆಂಚಿನ ಮೇಲೆ ಅವರು ಆಡಿದ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ‘ತಪ್ಪು ಅರ್ಥ ಅಲ್ಲಪ್ಪ. ನಿನ್ನನ್ನ ದಡದ ಮೇಲೆ ಇಡಾಕೆ ನನ್ನ ತಮ್ಮನ್ನ ಕಡಲೊಳಗೆ ಕಳಿಸಿದ್ರು’ ಎಂದೆ. ಒಬ್ಬರೂ ನನ್ನನ್ನು ತಡೆಯಲಿಲ್ಲ. ಅವರ ಹೆಂಡತಿ ತಲೆಯೆತ್ತಲಿಲ್ಲ. ಅವರಿಗೂ ಗೊತ್ತಿತ್ತು ಎಂದು ನನಗನ್ನಿಸಿತು. ಅಕ್ಕನ ಮಗ ಮಾತ್ರ ಮೈಕಿನ ಕಂಬ ಹಿಡಿದು ಹಾಗೇ ನಿಂತಿದ್ದ. ಆಮೇಲೆ ಯಾರೋ ಅವನನ್ನು ತೋಳು ಹಿಡಿದು ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ತಮ್ಮನ ಶಾಪಿನಲ್ಲಿದ್ದಾಗ ಅವನು ಬಂದ. ಎಂದಿನಂತೆ ಒಳಗೆ ಬಂದು ಕೂರಲಿಲ್ಲ, ಬಾಗಿಲಲ್ಲೇ ನಿಂತ.

‘ನಂಗೆ ಗೊತ್ತಿರ್ಲಿಲ್ಲ ಕಣೋ’ ಎಂದ.

‘ಗೊತ್ತು. ಅದಕ್ಕೇ ನಾನು ಹೇಳಿರ್ಲಿಲ್ಲ’ ಎಂದ ತಮ್ಮ. ‘ಬಾ, ಕುಂತ್ಕ. ಟೀ ತರ್ಸಾಣ.’

ಅವನು ಕೂರಲಿಲ್ಲ. ತಮ್ಮನ ಮುಖವನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. ಬಾಗಿಲಿಂದಲೇ ಹೊರಟುಹೋದ. ಸಂಜೆಯ ರೈಲಿಗೇ ಮುಂಬಯಿಗೆ ಹೋದನೆಂದು ಆಮೇಲೆ ತಿಳಿಯಿತು.

ತಮ್ಮ ನನ್ನ ಕಡೆ ತಿರುಗಿದ. ‘ಮಾತು ಕೊಟ್ಟಿದ್ದೆ ನೀನು.’

‘ಹೌದು.’

‘ಈಗ ಅವ್ನು ಏನ್ ಮಾಡ್ಬೇಕು ಅಂತೀಯಕ್ಕ?’

‘ಏನೂ ಮಾಡೋದು ಬ್ಯಾಡ. ದಿನಾ ನಡೀತಾನಲ್ಲ, ನಡೀವಾಗ ನೆನಸ್ಕಳ್ಲಿ.’

‘ಮೇಷ್ಟ್ರು ಹೋದ್ರು, ಇನ್ನಾದ್ರೂ ಮುಗೀತು ಅಂದ್ಕಂಡಿದ್ದೆ.’

‘ನಿಂಗೆ ಮುಗೀತು. ಕಾಲು ನಿಂದು, ಬಿಡೋದು ನಿನ್ನಿಷ್ಟ. ತಮ್ಮ ನನ್ನೋನು, ನಾನು ಬಿಡಲ್ಲ.’

ಅವನು ಗೋಡೆ ಹಿಡಿದು ಎದ್ದು, ಟೀ ತರಲು ತಾನೇ ಎದುರಿನ ಹೋಟೆಲಿನ ಕಡೆ ಹೊರಟ. ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಅವನು ಹೈವೇ ದಾಟಿ ಆಚೆ ಸೇರುವವರೆಗೂ ನಾನು ಅವನ ನಡಿಗೆಯನ್ನೇ ನೋಡುತ್ತಾ ನಿಂತಿದ್ದೆ.